ಅಂಗಡಿಯ ರೋಬೋಟೂ ನನ್ನ ಜೇಬೂ

ಈ ವಿಷಯವನ್ನು ಹೇಳಿಬಿಡಬೇಕೆಂದು ನಾನು ಕುಳಿತದ್ದು ಇದೇ ಮೊದಲಲ್ಲ. ಹಿಂದೆ ಕುಳಿತಾಗಲೆಲ್ಲ ಪೆನ್ನಿನ ಇಂಕು ಮುಗಿದಿದೆ, ಕನ್ನಡಕ ಕಾಣೆಯಾಗಿದೆ, ಯಾರೋ ಗೇಟು ತಟ್ಟಿದ್ದಾರೆ. ಯಾರೂ ತಟ್ಟದ ದಿನ ನಾನೇ ಎದ್ದು ಹೋಗಿ, ಯಾರಾದರೂ ಬಂದರೇನೋ ಎಂದು ಬಾಗಿಲು ತೆರೆದು ನೋಡಿದ್ದೇನೆ. ಹೀಗೆ ಮೂವತ್ತು ವರ್ಷ ಕಳೆದುಹೋಯಿತು. ಈಗ ನನ್ನನ್ನು ಕೂರಿಸಿ ಬರೆಸುತ್ತಿರುವುದು ವಿಜಯನಗರದ ಒಂದು ಸೂಪರ್‌ಮಾರ್ಕೆಟ್ಟಿನ ರೋಬೋಟು, ಮತ್ತು ಅದೇ ಅಂಗಡಿಯ ಬಾಗಿಲಲ್ಲಿ ನಿಲ್ಲುವ ಮಲ್ಲಪ್ಪ.

ರೋಬೋಟು ನೋಡಲು ಭಯಂಕರವಾಗೇನೂ ಇಲ್ಲ. ನನ್ನ ಎದೆಯೆತ್ತರ, ಬಿಳಿಯ ಮೈ, ಕಾಲಿನ ಬದಲು ಚಕ್ರ. ಮುಖ ಇರಬೇಕಾದ ಕಡೆ ಒಂದು ಗಾಜು, ಗಾಜಿನೊಳಗೆ ಎರಡು ನೀಲಿ ಕಣ್ಣು. ಬೇಳೆಯ ಸಾಲಿನಿಂದ ಸೋಪಿನ ಸಾಲಿಗೆ, ಸೋಪಿನಿಂದ ಬಿಸ್ಕತ್ತಿಗೆ ಇಡೀ ದಿನ ತಿರುಗುತ್ತದೆ. ಯಾವ ಸಾಮಾನು ಖಾಲಿಯಾಗಿದೆ ಎಂದು ನೋಡುತ್ತದೆ. ಯಾರು ಯಾವುದನ್ನು ಚೀಲಕ್ಕೆ ಇಳಿಸಿದರು ಎಂಬುದನ್ನೂ ನೋಡುತ್ತದೆ. ಅನುಮಾನ ಬಂದರೆ ನೀಲಿ ಕಣ್ಣು ಕೆಂಪಾಗುತ್ತದೆ. ಎದುರಿಗೆ ಏನೇ ಸಿಗಲಿ, "ಕ್ಷಮಿಸಿ, ದಾರಿ ಬಿಡಿ" ಅನ್ನುತ್ತದೆ. ಮನುಷ್ಯರಿಗೂ ಅದೇ ಮಾತು, ಈರುಳ್ಳಿ ಮೂಟೆಗೂ ಅದೇ ಮಾತು. ಒಮ್ಮೆ ಅದು ಕಂಬವೊಂದಕ್ಕೆ ಮೂರು ಸಲ ಕ್ಷಮೆ ಕೇಳಿದ್ದನ್ನು ನಾನೇ ಕಂಡಿದ್ದೇನೆ. ಕಂಬ ಮಾತ್ರ ದಾರಿ ಬಿಡಲಿಲ್ಲ.

ಆಯುಧಪೂಜೆಯ ದಿನ ಅದಕ್ಕೂ ಪೂಜೆಯಾಯಿತು. ತೂಕದ ಮಷೀನಿಗೆ ಕುಂಕುಮ ಹಚ್ಚಿದ ಮೇಲೆ ರೋಬೋಟನ್ನು ಬಿಟ್ಟರೆ ಹೇಗೆಂದು ಬಿಲ್ ಹಾಕುವ ಹುಡುಗಿಯರು ಅದರ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು, ಚಕ್ರದಡಿ ನಿಂಬೆಹಣ್ಣು ಇಟ್ಟರು, ಹಣೆ ಎಂದುಕೊಂಡ ಜಾಗಕ್ಕೆ ದಪ್ಪನಾಗಿ ಕುಂಕುಮ ಬಳಿದರು. ಆಮೇಲೆ ಗೊತ್ತಾಯಿತು, ಅದು ಹಣೆಯಲ್ಲ, ಕ್ಯಾಮೆರಾ. ಪಾಪ, ಕುರುಡಾದ ಅದು ನಿಂತಲ್ಲೇ ಸುತ್ತುತ್ತ, "ಕ್ಷಮಿಸಿ, ನನಗೆ ಕಾಣಿಸುತ್ತಿಲ್ಲ" ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಾಣದಿದ್ದುದನ್ನು ಕಾಣಲಿಲ್ಲ ಎಂದು ಹೇಳುವ ಕಾವಲುಗಾರನನ್ನು ನಾನು ನೋಡಿದ್ದು ಅದೇ ಮೊದಲು.

ಏಕೆಂದರೆ ನಾನೂ ಕಾವಲುಗಾರನಾಗಿದ್ದವನು. ಎಸ್ಸೆಸ್ಸೆಲ್ಸಿ ಮುಗಿಸಿ ರಾಜಾಜಿನಗರದ ಒಂದು ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ಮೂವತ್ತೆರಡು ವರ್ಷ ನಿಂತೆ. ನಮ್ಮ ದೇವಸ್ಥಾನಗಳ ದ್ವಾರಪಾಲಕರನ್ನು ನೀವು ನೋಡಿದ್ದೀರಿ: ಕೋರೆಹಲ್ಲು, ಉಬ್ಬಿದ ಕಣ್ಣು, ಕೈಯಲ್ಲಿ ಗದೆ. ಅವರಿಗೆ ಯಾರೂ ಕೈಮುಗಿಯುವುದಿಲ್ಲ; ಮಂಗಳಾರತಿಯೂ ಅವರ ತನಕ ಬರುವುದಿಲ್ಲ. ಇಷ್ಟು ಶತಮಾನದಿಂದ ದೇವರಿಗೆ ಬೆನ್ನು ಹಾಕಿ ನಿಂತಿದ್ದಾರಲ್ಲ, ಒಳಗಿರುವ ದೇವರ ಮುಖ ಹೇಗಿದೆ ಎಂಬುದು ಅವರಿಗೆ ಗೊತ್ತಿರಲಾರದು. ಬಾಗಿಲು ಕಾಯುವವರ ಹಣೆಬರಹವೇ ಅದು. ಬಾಗಿಲು ಮಾತ್ರ ಕಾಣುತ್ತದೆ.

ಅಂಗಡಿಯ ರೋಬೋಟು ಎದುರಾದರೆ ಈಗಲೂ ನಾನು ಪಕ್ಕದ ಸಾಲಿಗೆ ಸರಿಯುತ್ತೇನೆ. ಮೊದಲ ವಾರ ಮಲ್ಲಪ್ಪ ಹೆಮ್ಮೆಯಿಂದ ಹೇಳಿದ್ದ. ಅವನು ಗದಗದ ಕಡೆಯವನು, ಸಮವಸ್ತ್ರ ಅವನಿಗೆ ಒಂದು ಅಳತೆ ದೊಡ್ಡದು. "ಅದು ಒಮ್ಮೆ ಮುಖ ನೋಡಿದ್ರ ಮುಗೀತ್ರಿ ಯಜಮಾನ್ರ, ಮರೆಯಂಗಿಲ್ಲ." ಅಂದಿನಿಂದ ಆ ನೀಲಿ ಕಣ್ಣು ನನ್ನ ಶರ್ಟಿನ ಎಡಜೇಬನ್ನೇ ನೋಡುತ್ತಿದೆ ಅನ್ನಿಸತೊಡಗಿತು. ಆ ಜೇಬಿನಲ್ಲಿ ನಾನು ಏನನ್ನೂ ಇಡುವುದಿಲ್ಲ. ಸಾಮಾನಿನ ಪಟ್ಟಿಯನ್ನೂ ಇಡುವುದಿಲ್ಲ, ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ. ಹಿಂಗು ಮರೆತು ಬರುತ್ತೇನೆ. "ಚೀಟಿ ಬರ್ಕೊಡ್ತೀನಿ ಅಂದ್ರೆ ಹಾವು ಕೊಟ್ಟಂಗೆ ಆಡ್ತೀರಲ್ರೀ!" ಎಂದು ನನ್ನ ಹೆಂಡತಿ ಎಷ್ಟು ಸಲ ಬೈದಿದ್ದಾಳೋ. ಅವಳಿಗೂ ನಾನು ಕಾರಣ ಹೇಳಿಲ್ಲ.

ಕಾರಣ ಒಂದು ಚೀಟಿಯೇ.

ನಮ್ಮ ಬಟ್ಟೆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಥಾನಿನ ಕೊನೆಯಲ್ಲಿ ಉಳಿಯುವ, ಮಾರಾಟವಾಗದ ತುಂಡು ಬಟ್ಟೆಯನ್ನು ಕೆಲಸದವರು ಮನೆಗೆ ಒಯ್ಯಬಹುದು. ಆದರೆ ಮ್ಯಾನೇಜರು ಸಹಿ ಮಾಡಿದ ಚೀಟಿ ಬೇಕು. ಸಂಜೆ ಹೊರಡುವಾಗ ಎಲ್ಲರೂ ಬಾಗಿಲಲ್ಲಿ ಚೀಲ ಬಿಚ್ಚಿ ತೋರಿಸಬೇಕು. ತುಂಡಿದ್ದರೆ ಚೀಟಿ ಕೊಡಬೇಕು. ನಾನು ಅದನ್ನು ಗೋಡೆಯ ತಂತಿಗೆ ಚುಚ್ಚಬೇಕು. ಚೀಟಿಯನ್ನು ನಾನು ಆ ಹೊತ್ತಿಗೇ ಪಡೆಯಬೇಕು, ಮುಂಚೆ ಪಡೆಯಕೂಡದು ಎಂಬುದು ಮಾಲೀಕರ ಕಟ್ಟಪ್ಪಣೆ.

ಸೀರೆ ವಿಭಾಗದಲ್ಲಿ ಒಬ್ಬ ಹೆಣ್ಣುಮಗಳಿದ್ದರು. ಮನೆ ಬಿನ್ನಿಪೇಟೆ, ಗಂಡನಿಗೆ ಮಿಲ್ಲಿನ ಕೆಲಸ ತಪ್ಪಿತ್ತು. ಒಂದು ಮಧ್ಯಾಹ್ನ ಮ್ಯಾನೇಜರು ಯಾವುದೋ ಮದುವೆಗೆಂದು ಊರಿಗೆ ಹೊರಟಾಗ ಆಕೆ ಆತುರದಲ್ಲಿ ಚೀಟಿಗೆ ಸಹಿ ಹಾಕಿಸಿಕೊಂಡು ನನ್ನ ಬಳಿ ಬಂದರು. "ಅಣ್ಣಾ, ಸಂಜೆವರೆಗೂ ಎಲ್ಲಾದ್ರೂ ಕಳ್ಕೊಂಡ್‌ಬಿಡ್ತೀನಿ. ನಿಮ್ಮ ಹತ್ರನೇ ಇಟ್ಕೊಳ್ಳಿ." ನಾನು ಪಡೆದು, ಒಮ್ಮೆ ಓದಿ, ಎಡಜೇಬಿಗೆ ಹಾಕಿದೆ. ಹಾಕಿದ್ದು ಮರೆತೆ.

ಆ ಸಂಜೆ ಎಂದೂ ಇಲ್ಲದ ಮಾಲೀಕರು ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದರು. ಆಕೆಯ ಚೀಲದಿಂದ ಗಿಣಿಹಸಿರು ಬಣ್ಣದ ಒಂದು ಬ್ಲೌಸ್ ಪೀಸು ಹೊರಗೆ ಬಂತು.

"ಚೀಟಿ ಎಲ್ಲಮ್ಮ?"

"ಮಧ್ಯಾಹ್ನನೇ ಅಣ್ಣನ ಕೈಗೆ ಕೊಟ್ಟಿದೀನಿ ಸಾರ್."

"ಏನಪ್ಪಾ, ಕೊಟ್ಟಿದಾಳಾ?"

"ಇಲ್ಲ ಸಾರ್," ಅಂದೆ. ಆ ಕ್ಷಣಕ್ಕೆ ಅದು ಸುಳ್ಳಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಆಕೆ ನನ್ನ ಮುಖ ನೋಡಿದರು. ಅಭ್ಯಾಸಬಲದಿಂದ ನನ್ನ ಕೈ ಜೇಬಿಗೆ ಹೋಯಿತು. ಬೆರಳಿಗೆ ಕಾಗದ ತಗುಲಿತು.

ನಾನು ಹೇಳಬೇಕಾಗಿರುವುದು ಇಷ್ಟೇ, ಇದನ್ನೇ ಮೂವತ್ತು ವರ್ಷ ಮುಂದೂಡಿದ್ದು. ಬೆರಳಿಗೆ ಕಾಗದ ತಗುಲಿತು, ನಾನು ಕೈ ಹೊರಗೆ ತೆಗೆದೆ, ಕಾಗದವನ್ನು ತೆಗೆಯಲಿಲ್ಲ. ಮುಂಚೆಯೇ ಚೀಟಿ ಪಡೆದ ತಪ್ಪಿಗೆ ನನ್ನ ಕೆಲಸ ಹೋಗುತ್ತಿತ್ತು. ಆಕೆಯ ಕೆಲಸ ಹೋಯಿತು, ಎಲ್ಲರ ಎದುರಿಗೆ, ಕಳ್ಳಿ ಎಂಬ ಹೆಸರಿನ ಸಮೇತ. ಆಕೆ ವಾದ ಮಾಡಲಿಲ್ಲ. "ನೆನಪು ಮಾಡ್ಕೊಳ್ಳಿ ಅಣ್ಣಾ," ಎಂದಷ್ಟೇ ಅಂದು ಮೆಟ್ಟಿಲಿಳಿದರು. ನಾಲ್ಕು ದಿನದ ಮೇಲೆ ಮ್ಯಾನೇಜರು ಬಂದು, "ನಾನು ಸೈನ್ ಹಾಕಿದ್ನಲ್ಲಯ್ಯ?" ಎಂದರು. "ನನ್ನ ಕೈಗೆ ಬರಲಿಲ್ಲ ಸಾರ್," ಅಂದೆ. ಎರಡನೆಯ ಸಲ ಹೇಳಿದ್ದು ಪೂರಾ ಸುಳ್ಳು. ಚೀಟಿ ಅಷ್ಟರಲ್ಲಿ ಶರ್ಟಿನ ಜೊತೆ ಒಗೆದು ಮುದ್ದೆಯಾಗಿತ್ತು. ಕಣ್ಣಿಗೆ ಚೀಟಿ ಕಾಣದೆ ಮಾಲೀಕರು ಮ್ಯಾನೇಜರ ಮಾತನ್ನೂ ಒಪ್ಪಲಿಲ್ಲ.

ಆಕೆ ಎಲ್ಲಿದ್ದಾರೋ ಗೊತ್ತಿಲ್ಲ ಎಂದು ಬರೆದರೆ ಎಷ್ಟು ಅನುಕೂಲವಿತ್ತು! ಗೊತ್ತಿದೆ. ಹೊಸಹಳ್ಳಿ ಮೆಟ್ರೋ ನಿಲ್ದಾಣದ ಕೆಳಗೆ ಅವರ ಸೊಸೆಯ ಟೈಲರ್ ಅಂಗಡಿ ಇದೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಅವರು ಸೀರೆಗೆ ಫಾಲ್ಸ್ ಹೊಲಿಯುತ್ತಾರೆ. ನನ್ನ ಮನೆಗೂ ಅದೇ ನಿಲ್ದಾಣ ಹತ್ತಿರ. ಆದರೂ ನಾನು ಇನ್ನೊಂದು ನಿಲ್ದಾಣ ಮುಂದೆ ಹೋಗಿ ವಿಜಯನಗರದಲ್ಲಿ ಇಳಿದು ವಾಪಸು ನಡೆದು ಬರುತ್ತೇನೆ. ಶುಗರ್ ಇರುವುದಕ್ಕೆ ನಡೆಯುತ್ತಾರೆ ಎಂದು ಹೆಂಡತಿ ನೆರೆಯವರಿಗೆಲ್ಲ ನನ್ನ ಶಿಸ್ತನ್ನು ಹೊಗಳುತ್ತಾಳೆ. ಡಾಕ್ಟರೂ ಮೆಚ್ಚಿದ್ದಾರೆ.

ಹೋದ ಸೋಮವಾರ ಬೆಳಿಗ್ಗೆ ಸೂಪರ್‌ಮಾರ್ಕೆಟ್ಟಿನಲ್ಲಿ ರೋಬೋಟಿನ ಕಣ್ಣು ಕೆಂಪಾಯಿತು. ನನಗೆಂದೇ ತಿಳಿದು ನಾನು ಎರಡೂ ಕೈ ಮೇಲೆತ್ತಿದೆ. ಅದು ನನ್ನನ್ನು ದಾಟಿ ಒಬ್ಬ ಹೆಂಗಸಿನ ಮುಂದೆ ನಿಂತು, "ದಯವಿಟ್ಟು ನಿಲ್ಲಿ" ಎಂದಿತು. ಆಕೆಯ ಚೀಲದ ತುಂಬ ಸಾಮಾನು.

"ಬಿಲ್ ಆಗಿದೆ ಕಣ್ರೀ! ಹುಣಸೇಹಣ್ಣು ಮರ್ತೆ ಅಂತ ವಾಪಸ್ ಬಂದೆ. ಬಿಲ್ಲು ಹೊರಗೆ ಬಿಸಾಕ್‌ಬಿಟ್ಟೆ."

ಇನ್‌ಚಾರ್ಜ್ ಬಂದ. "ಬ್ಯಾಗ್ ಬಿಚ್ಚಿ ಮೇಡಂ. ಮಷೀನ್ ಸುಮ್‌ಸುಮ್ನೆ ಹೇಳಲ್ಲ." ಜನ ಸೇರಿದರು. ಒಬ್ಬ ಫೋನು ಎತ್ತಿ ಹಿಡಿದ. ನನ್ನ ಕೈ ತಾನಾಗಿ ಎಡಜೇಬಿಗೆ ಹೋಗಿತ್ತು. ಜೇಬು ಖಾಲಿಯಿತ್ತು, ಬೆರಳಿಗೆ ಮಾತ್ರ ಕಾಗದ ತಗುಲಿತು.

ಬಾಗಿಲಿಂದ ಮಲ್ಲಪ್ಪ ಬಂದ. "ಸರ್, ತಪ್ಪು ನಂದ್ರಿ. ಅಕ್ಕಾರು ಬಿಲ್ ಮಾಡಿಸ್ಕೊಂಡ ಹೋಗಿದ್ರು. ವಾಪಸ್ ಒಳಗ ಬಿಡೂವಾಗ ಚೀಲಕ್ಕ ಹಳದಿ ಸ್ಟಿಕ್ಕರ್ ಹಚ್ಚೂದು ನಾ ಮರತೇನ್ರಿ."

"ಇದು ಎರಡನೇ ಸಲ ಕಣಪ್ಪಾ. ಇನ್ನೊಂದು ಮಷೀನ್ ಬಂದ್ರೆ ಯಾರನ್ನ ತೆಗೀಬೇಕು ಅಂತ ಮೇಲಿನವ್ರು ಲಿಸ್ಟ್ ಮಾಡ್ತಿದಾರೆ. ನಾನೇನಂತ ಬರೀಲಿ?"

"ಮಲ್ಲಪ್ಪ ಮರತ ಅಂತ ಬರೀರಿ ಸರ್." ಅಷ್ಟು ಹೇಳಿ ಅವನು ಆ ಹೆಂಗಸಿನ ಕಡೆ ತಿರುಗಿದ. "ತಪ್ಪಾತ್ರಿ ಅಕ್ಕಾರ."

ರೋಬೋಟಿನ ಕಣ್ಣು ನೀಲಿಯಾಯಿತು. "ಕ್ಷಮಿಸಿ, ದಾರಿ ಬಿಡಿ" ಅನ್ನುತ್ತ ಅದು ಬಿಸ್ಕತ್ತಿನ ಕಡೆ ಹೊರಟುಹೋಯಿತು. ಅದರ ಕ್ಷಮೆ ಬಾಯಿಪಾಠದ್ದು; ಹೇಳಿದರೆ ಅದಕ್ಕೆ ನಷ್ಟವಿಲ್ಲ. ಮಲ್ಲಪ್ಪನಿಗೆ ಇತ್ತು.

ಹೊರಡುವಾಗ ಕೇಳಿದೆ, "ಕೆಲಸ ಹೋದ್ರೆ ಏನ್ ಮಾಡ್ತೀಯಪ್ಪಾ?"

"ಇನ್ನೊಂದ ಬಾಗಿಲ ಕಾಯೋದ್ರಿ. ಆ ಅಕ್ಕಾರು ಮನೀಗೆ ಹೋಗಿ ಅಳಬಾರ್ದಲ್ರಿ ಯಜಮಾನ್ರ."

ನಿನ್ನೆ ಹೊಸಹಳ್ಳಿಯಲ್ಲಿ ಇಳಿದೆ. ಮೆಟ್ಟಿಲ ತನಕ ಹೋದೆ, ಮೇಲಿನಿಂದ ಆ ಕುರ್ಚಿ ಕಂಡಿತು, ತಿರುಗಿ ಬಂದು ಮುಂದಿನ ರೈಲು ಹತ್ತಿದೆ. ಎಪ್ಪತ್ತೊಂದು ವರ್ಷದ ಕಾಲು ಇಳಿಯುವ ಮೆಟ್ಟಿಲಿಗೆ ಹೆದರುವುದು ಸಹಜವೆಂದು ಸಮಾಧಾನವನ್ನೂ ಹೇಳಿಕೊಂಡೆ. ಅದಕ್ಕೇ ಇದನ್ನು ಬರೆದಿದ್ದೇನೆ. ಮಡಚಿ ಎಡಜೇಬಿಗೆ ಹಾಕಿಕೊಂಡು ನಾಳೆ ಅಲ್ಲೇ ಇಳಿಯುತ್ತೇನೆ. ಬಾಯಿ ಬಾರದಿದ್ದರೆ ಕಾಗದವನ್ನಾದರೂ ಕೈಗಿಡಬಹುದು. ಒಗೆದುಹೋದ ಆ ಚೀಟಿಯಲ್ಲಿ ಏನಿತ್ತು ಎಂಬುದು ನನಗೆ ಅಕ್ಷರಕ್ಷರ ನೆನಪಿದೆ, ಅಮ್ಮಾ. ನೀವು ನೆನಪು ಮಾಡಿಕೊಳ್ಳಿ ಅಂದಿರಿ, ಇಗೋ ಮಾಡಿಕೊಂಡಿದ್ದೇನೆ. ಗಿಣಿಹಸಿರು ಬ್ಲೌಸ್ ಪೀಸ್ ಒಂದು. ಹೊರಗೆ ಬಿಡುವುದು. ಹೆಸರು: ಹೊಂಬಾಳಮ್ಮ.