ಅಕ್ಕ ಓದದೆ ಬಿಟ್ಟ ಸಾಲು

ನಮ್ಮ ಭಾವನಿಗೆ ಆಫೀಸಿನಲ್ಲಿ ಕಲ್ಲಪ್ಪ ಎಂದು ಅಡ್ಡಹೆಸರು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಂಬ ಅರ್ಥದಲ್ಲಿ. ಬೇರೆಯವರು ಬರೆದ ಕಂಪ್ಯೂಟರ್ ಕೋಡನ್ನು ಸಾಲುಸಾಲಾಗಿ ಓದಿ, ತಪ್ಪು ಹಿಡಿದು, ಸರಿ ಎನಿಸಿದರೆ ಮಾತ್ರ ಸಹಿ ಹಾಕುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದರು. ಬರೆದವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ಅವರ ಸಹಿ ಬೀಳುವವರೆಗೆ ಸಮಾಧಾನವೂ ಇರುತ್ತಿರಲಿಲ್ಲ. ಅದೇ ಆಫೀಸಿನ ಪರೀಕ್ಷೆ ವಿಭಾಗದಲ್ಲಿ ನಾನಿದ್ದೇನೆ, ಅಕ್ಕ-ಭಾವನ ಮನೆಯ ಮಹಡಿಯಲ್ಲೇ ನನ್ನ ವಾಸ. ಹಾಗಾಗಿ ಇದನ್ನು ನಾನೇ ಹೇಳಬೇಕು, ಇಷ್ಟವಿಲ್ಲದಿದ್ದರೂ.

ಎರಡು ವರ್ಷದ ಹಿಂದೆ ಭಾವನ ದೃಷ್ಟಿಯ ನಡುಭಾಗ ಹೋಯಿತು. ಎದುರಿಗಿದ್ದುದಕ್ಕೆಲ್ಲ ಮಸಿ ಬಳಿದ ಹಾಗೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು. ಯಾರ ಮುಖವನ್ನಾದರೂ ನೋಡಬೇಕೆಂದರೆ ಭಾವ ತಮ್ಮ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು. ಅಕ್ಷರಗಳು ಹಾಗೆ ಮಾಡಿದರೂ ಸಿಗುವುದಿಲ್ಲ. ಇದು ವಾಪಸು ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ ದಿನ ಭಾವ ಅಕ್ಕನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು.

"ಆಫೀಸಲ್ಲಿ ಗೊತ್ತಾದ್ರೆ ಮುಗೀತು ಕಣೇ. ಓದೋದು ಬಿಟ್ರೆ ನಂಗೆ ಇನ್ನೇನು ಬರುತ್ತೆ?"

"ನಾನು ಓದ್ತೀನಿ ಬಿಡಿ" ಎಂದಳು ಅಕ್ಕ.

ಅಕ್ಕ ಬಟ್ಟೆ ಹೊಲಿಯುವವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ, ಕೋಡಿನ ಗಂಧಗಾಳಿ ಇಲ್ಲ. ಭಾವ ಸ್ಕ್ರೀನ್ ನೋಡಿದರೆ ತಲೆನೋವು ಎಂಬ ನೆಪ ಹೇಳಿ ಎಲ್ಲವನ್ನೂ ಪ್ರಿಂಟ್ ಮಾಡಿಸಿ, ಊಟದ ಡಬ್ಬಿಯ ಕೆಳಗಿಟ್ಟು ಮನೆಗೆ ತರುತ್ತಿದ್ದರು. ಹಾಳೆ ಹೊರಗೆ ಒಯ್ಯಬಾರದು ಎಂಬ ನಿಯಮವಿತ್ತು, ಅದು ಅವರಿಗೂ ಗೊತ್ತಿತ್ತು. ಸಂಜೆ ಅಕ್ಕ ಹೊಲಿಗೆ ಯಂತ್ರದ ಮುಂದೆಯೇ ಕೂತು, ಅಳತೆಯ ಮರದ ಸ್ಕೇಲನ್ನು ಸಾಲಿನ ಕೆಳಗಿಟ್ಟು ಓದುತ್ತಿದ್ದಳು. ಬಾಗಿದ ಆವರಣಚಿಹ್ನೆಗೆ ಅವಳಿಟ್ಟ ಹೆಸರು ಮೀಸೆ. "ಮೀಸೆ ಶುರು... ಮೀಸೆ ಮುಗೀತು." ಓದಿ ಹೇಳುವ ಸಾಫ್ಟ್‌ವೇರ್ ಇದೆಯಲ್ಲ ಭಾವ ಎಂದು ನಾನು ಗೊಣಗಿದ್ದೆ. "ಅದು ಹಿಂದೆ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓದುತ್ತೆ. ಇವಳು ಉಸಿರು ತಗೊಂಡು ಓದ್ತಾಳೆ" ಎಂದರು. ಒಮ್ಮೆ ಕೇಳಿದ ಪುಟ ಅವರಿಗೆ ಬಾಯಿಪಾಠ. ಎರಡು ವರ್ಷ ಒಂದು ತಪ್ಪೂ ತಪ್ಪಿಸಿಕೊಳ್ಳಲಿಲ್ಲ.

ಆಮೇಲೆ ಆ ಡಿಬಗರ್ ಕೋಡು ಬಂತು. ಡಿಬಗರ್ ಎಂದರೆ ಓಡುತ್ತಿರುವ ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿ ಒಳಗೆ ಏನಾಗಿದೆ ಎಂದು ನೋಡುವ ಸಾಧನ. ಹೊಸದಾಗಿ ಸೇರಿಸಿದ್ದು ಇಷ್ಟು: ನಿಂತ ಪ್ರೋಗ್ರಾಮಿಗೆ ಒಂದು ತುಣುಕು ಕೋಡು ಬರೆದು ಕೊಟ್ಟರೆ, ಅಲ್ಲೇ ಕಂಪೈಲ್ ಆಗಿ, ಎಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿ, ಅದರ ಒಳಗೇ ಓಡಿ, ಉತ್ತರ ಕೊಡಬೇಕು. ತುಣುಕು ಓಡುವ ಮೊದಲು ಪ್ರೋಗ್ರಾಮಿನ ಸ್ಥಿತಿಯನ್ನು ಬಟ್ಟೆಯ ಹಾಗೆ ಮಡಚಿ ಒಂದರ ಮೇಲೊಂದು ಒಟ್ಟಬೇಕು, ಮುಗಿದ ಮೇಲೆ ಮೇಲಿನದೊಂದನ್ನು ತೆಗೆದು ಹಾಗೇ ಹರಡಬೇಕು. ಒಂದು ಇಟ್ಟರೆ ಒಂದೇ ತೆಗೆಯಬೇಕು. ಎರಡು ತೆಗೆದರೆ ಕೆಳಗಿದ್ದ ಬೇರೆಯವರ ಬಟ್ಟೆ ಕೈಗೆ ಬರುತ್ತದೆ.

ಆ ಸಂಜೆ ನಾನೂ ಅಲ್ಲೇ ಕೂತು ಅಕ್ಕನ ಗಿರಾಕಿಯೊಬ್ಬರ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಬೆಳಗಿಂದ ಆಫೀಸಿನಲ್ಲಿ ಬೈಸಿಕೊಂಡು ತಲೆ ಕೆಟ್ಟುಹೋಗಿತ್ತು. ಅಕ್ಕ ಓದುತ್ತ ಓದುತ್ತ ನಿಂತಳು. ಸ್ಕೇಲನ್ನು ಒಂದು ಸಾಲಿನ ಕೆಳಗಿಟ್ಟಳು, ಮತ್ತೆ ಅದರ ಕೆಳಗಿನ ಸಾಲಿಗೆ ಇಟ್ಟಳು. ಮೇಲಿನದನ್ನು ತೆಗೆ ಎನ್ನುವ ಒಂದೇ ಸಾಲು ಅಲ್ಲಿ ಎರಡು ಸಲ ಇತ್ತು ಎಂದು ನನಗೆ ತಿಳಿದದ್ದು ಆಮೇಲೆ. ಭಾವನ ಧ್ಯಾನ ಕೆಡಬಾರದೆಂದು ಬಾಯಿ ಬಿಡದೆ, ಹುಬ್ಬೇರಿಸಿ ನನ್ನನ್ನು ಕೇಳಿದಳು. ನಾನು ಕೂತಲ್ಲಿಂದ ಎದ್ದು ನೋಡಲಿಲ್ಲ. ಓದಿದ ಸಾಲಿಗೇ ಮತ್ತೆ ಬಂದಿದ್ದಾಳೆ ಎಂದುಕೊಂಡು, ಮುಂದೆ ಹೋಗು ಎಂದು ಕೈ ಬೀಸಿದೆ. ಅವಳು ಎರಡನೆಯದನ್ನು ಬಿಟ್ಟು ಓದಿದಳು. ಮುಂದೆ ಕೂತ ಭಾವನಿಗೆ ಅದ್ಯಾವುದೂ ಕಾಣಲಿಲ್ಲ. ಮರುದಿನ ಸಹಿ ಬಿತ್ತು. ನನ್ನ ಪರೀಕ್ಷೆಯಲ್ಲೂ ಅದು ಸಿಕ್ಕಲಿಲ್ಲ, ಯಾಕೆಂದರೆ ಒಂದು ತುಣುಕಿನೊಳಗೆ ಇನ್ನೊಂದು ತುಣುಕು ಓಡಿಸಿದರೆ ಮಾತ್ರ ಆ ತಪ್ಪು ಬಯಲಾಗುತ್ತಿತ್ತು. ನಾನು ಓಡಿಸಿರಲಿಲ್ಲ.

ಆಫೀಸಿನ ಗಿರಾಕಿಯೊಬ್ಬರು ಓಡಿಸಿದರು. ಅವರ ಪ್ಯಾಕಿಂಗ್ ಯಂತ್ರದ ಪ್ರೋಗ್ರಾಮು ಎಲ್ಲೋ ನಿಂತದ್ದು ಎಲ್ಲಿಂದಲೋ ಹೊರಟು, ಕಾರ್ಖಾನೆಯೇ ಎರಡು ದಿನ ಸ್ತಬ್ಧವಾಯಿತು. ಮ್ಯಾನೇಜರು ನಮ್ಮನ್ನೆಲ್ಲ ಮೀಟಿಂಗ್ ರೂಮಿಗೆ ಕರೆದು ಇದೇ ಆ ಡಿಬಗರ್ ಪುಟ ಎಂದು ಭಾವನ ಕೈಗಿಟ್ಟರು.

"ನೀವೇ ಒಂದ್ಸಲ ಓದಿ ಸರ್. ತಪ್ಪೆಲ್ಲಿದೆ ಅಂತ ಎಲ್ರಿಗೂ ಗೊತ್ತಾಗ್ಲಿ."

ಭಾವ ಹಾಳೆ ಹಿಡಿದು, ಬೆರಳು ಸರಿಸುತ್ತ ಶುರು ಮಾಡಿದರು. ಒಂದಕ್ಷರ ತಪ್ಪಲಿಲ್ಲ. ನಡುವೆ ಬಾಯಿತಪ್ಪಿ "ಮೀಸೆ ಶುರು" ಎಂದಾಗ ಯಾರೋ ಕಿಸಕ್ಕನೆ ನಕ್ಕರು. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆ ಸಾಲು ಬಂತು. ಭಾವ ಒಂದು ಸಲ ಹೇಳಿ ಮುಂದೆ ಹೋದರು.

"ಅಲ್ಲೇ ಇನ್ನೊಂದ್ಸಲ ಓದಿ" ಎಂದರು ಮ್ಯಾನೇಜರು. ಭಾವ ಓದಿದರು. ಮತ್ತೆ ಒಂದೇ ಸಲ.

"ಸರ್, ಅದು ಎರಡು ಸಲ ಇದೆ."

"ಎರಡಾ?" ಎಂದರು ಭಾವ. ಅಷ್ಟು ಸಣ್ಣ ಧ್ವನಿ ಅವರದ್ದು ನಾನು ಎಂದೂ ಕೇಳಿರಲಿಲ್ಲ.

ಮ್ಯಾನೇಜರು ಎದ್ದು ಬಂದು ಅವರ ಕಣ್ಣ ಮುಂದೆ ಕೈ ಆಡಿಸಿದರು. "ಮತ್ತೆ ಇದನ್ನ ಯಾರು ಓದಿದ್ದು?"

"ಯಾರೂ ಇಲ್ಲ. ಓದ್ದೇ ಸಹಿ ಹಾಕ್ದೆ."

ಓದದವರಿಗೆ ಪುಟ ಬಾಯಿಪಾಠ ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನದೊಳಗೆ ಅವರ ಗುರುತಿನ ಚೀಟಿ ವಾಪಸು ತೆಗೆದುಕೊಂಡರು. ನಾನು ಅದೇ ರೂಮಿನಲ್ಲಿ, ಮೂರನೇ ಕುರ್ಚಿಯಲ್ಲಿ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಬಸ್ಸಿನಲ್ಲಿ ಭಾವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತನ್ನು ಹೇಳುತ್ತಿದ್ದರು. "ಅವಳು ಬಿಡೋಳಲ್ಲ. ಯಾಕೆ ಬಿಟ್ಟಳೋ." ಇಳಿಯುವಾಗ ನನ್ನ ತೋಳು ಹಿಡಿದು, "ನಿಮ್ಮಕ್ಕಂಗೆ ಹೇಳ್ಬೇಡ. ತನ್ನಿಂದ ಆಯ್ತು ಅಂತ ಗೊತ್ತಾದ್ರೆ ಜೀವ ಬಿಡ್ತಾಳೆ" ಎಂದರು. ನಾನು ಹೂಂ ಎಂದೆ. ನಾನು ಕೈ ಬೀಸಿದ್ದನ್ನು ಆಗಲಾದರೂ ಅವರಿಗೆ ಹೇಳಬಹುದಿತ್ತು.

ಮನೆಯಲ್ಲಿ ಅಕ್ಕ ಸ್ಕೇಲು ಹಿಡಿದು ಕಾಯುತ್ತಿದ್ದಳು. "ಇವತ್ತು ಯಾವ ಪುಟ ರೀ?"

"ಹೋದ ತಿಂಗಳದ್ದು ಆ ಡಿಬಗರಿಂದು ಇದೆಯಲ್ಲ, ಅದನ್ನೇ ಇನ್ನೊಂದ್ಸಲ ಓದೇ."

"ಓದಿದ್ದಾಯ್ತಲ್ಲ!"

"ಆದ್ರೂ ಓದು."

ಅಕ್ಕ ಓದಿದಳು. ಭಾವ ಮೈಯೆಲ್ಲ ಕಿವಿಯಾಗಿ ಕೂತರು. ಆ ಸಾಲು ಬಂತು, ಸ್ಕೇಲು ನಿಂತಿತು. ಅಕ್ಕ ಆವತ್ತಿನ ಹಾಗೆಯೇ ಹುಬ್ಬೇರಿಸಿ ನನ್ನತ್ತ ನೋಡಿದಳು.

"ಎರಡನ್ನೂ ಓದು ಅಕ್ಕಾ" ಎಂದೆ.

"ಅಲ್ಲ, ಆವತ್ತು ನೀನೇ ತಾನೇ ಮುಂದೆ ಹೋಗು ಅಂತ ಕೈ ಬೀಸಿದ್ದು?"

ಭಾವ ನನ್ನ ಕಡೆ ತಿರುಗಿದರು. ನನ್ನನ್ನು ನೋಡಬೇಕಿದ್ದರೆ ಅವರು ಮುಖವನ್ನು ಪಕ್ಕಕ್ಕೆ ಸರಿಸಬೇಕಿತ್ತು. ಸರಿಸಲಿಲ್ಲ. ನಾನು ಕಾಣದ ಹಾಗೆ ನೇರವಾಗಿ ನನ್ನ ಎದುರಿಗೇ ಮುಖ ಮಾಡಿಕೊಂಡು ಕೂತು, ಅಕ್ಕನಿಗೆ "ಮುಂದೆ ಓದು" ಎಂದರು.