ಮುಕ್ತಿಯಾರ್ ಹೇಳಿದ ಊಟ

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ರೈಸ್‌ಮಿಲ್ಲುಗಳ ಸಾಲು ಶುರುವಾಗುವ ಕಡೆ ಮುಕ್ತಿಯಾರ್‌ನ ಅಂಗಡಿ ಇದೆ. ಮಿಲ್ಲಿಗೆ ಬೇಕಾಗುವ ರಬ್ಬರ್ ರೋಲು, ಬೆಲ್ಟು, ಬೇರಿಂಗುಗಳ ವ್ಯಾಪಾರ. ಆದರೆ ಜನ ಅವನನ್ನು ನೆನೆಯುತ್ತಿದ್ದದ್ದು ಬೇರೆಯದಕ್ಕೆ. ಆಸ್ಪತ್ರೆಗೋ ಮದುವೆ ಜವಳಿಗೋ ಹೈದರಾಬಾದಿಗೆ ಹೊರಟವರು ಬಸ್ಸು ಹತ್ತುವ ಮೊದಲು ಅವನ ಅಂಗಡಿಗೆ ಬಂದು, “ಅಲ್ಲಿ ಊಟ ಎಲ್ಲಿ ಚಲೋ ಸಿಗ್ತೈತ್ರಿ?” ಎಂದು ಕೇಳುತ್ತಿದ್ದರು. ಕೇಳದೆ ಹೋದವರ ಸುದ್ದಿ ಅವನಿಗೆ ಹೇಗೋ ತಲುಪುತ್ತಿತ್ತು. ಅಂಥವರು ಮುಂದೆ ಬೆಲ್ಟು ಕೊಳ್ಳಲು ಬಂದಾಗ ಅವನು ಮುಖ ಎತ್ತಿ ಮಾತಾಡುತ್ತಿರಲಿಲ್ಲ.

ಈ ಕಡೆಯ ಮಂದಿಗೆ ದೇವರು ಬಾಯಿ ಕೊಟ್ಟಿದ್ದಾನೆ, ನಾಲಿಗೆ ಕೊಡುವುದನ್ನು ಮರೆತಿದ್ದಾನೆ ಎಂಬುದು ಮುಕ್ತಿಯಾರ್‌ನ ಗಟ್ಟಿ ನಂಬಿಕೆ. ಲಿಂಗಸುಗೂರಿನವರು ಹೋಟೆಲಿನಲ್ಲೂ ತಹಶೀಲ್ದಾರರ ಮುಂದೆ ಅರ್ಜಿ ಹಿಡಿದು ಕೂತವರ ಹಾಗೆ ಕೂಡುತ್ತಾರೆ, ಬಡಿಸಿದವನು ಏನು ಸುರುವಿದರೂ ತಲೆಯಾಡಿಸುತ್ತಾರೆ. ಮಸ್ಕಿಯವರಿಗೆ ಖಾರ ಹತ್ತಿ ಮೂಗು ಸೋರಿದರೆ ಆಯಿತು, ಊಟ ಭರ್ಜರಿ. ಇನ್ನು ತನ್ನೂರಿನವರ ಮಾತು ಎತ್ತುವುದೇ ಬೇಡ. ಅಕ್ಕಿ ಬೆಳೆಯುತ್ತಾರೆ, ಅಕ್ಕಿ ಮಾರುತ್ತಾರೆ, ಎದುರಿಗೆ ಬಂದ ಅನ್ನ ಇಂದಿನದೋ ನಿನ್ನೆಯದೋ ಎಂಬುದು ಮಾತ್ರ ತಿಳಿಯದು. ಇಷ್ಟೆಲ್ಲ ಅವನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಗಿರಾಕಿಯ ಎದುರಿಗೇ ಹೇಳುತ್ತಿದ್ದ. ಮಿಲ್ ಮಾಲೀಕ ಪಂಪಾಪತಿ ಸಾವುಕಾರರು ಮಾಂಸ ಮುಟ್ಟದವರು. ಅವರನ್ನೂ ಬಿಟ್ಟಿರಲಿಲ್ಲ: “ನಿಮಗ ನಾ ಏನು ಹೇಳ್ಲಿ ಸಾವ್ಕಾರ್ರ? ಹಾಡು ತಿಳೀದವರಿಗೆ ತಬಲಾ ಅಷ್ಟ ಕೇಳ್ರಿ ಅಂದಂಗ. ಹೋಗಿ ದಾಲ್ ಅಷ್ಟ ಉಣ್ರಿ.”

ಅವನ ಹೆಂಡತಿ ಹುಸ್ನಾಳ ಅಕ್ಕನ ಮಗ ಜಾವೀದ್ ಮಸ್ಕಿಯಲ್ಲಿ ಕಾಲೇಜು ಮೇಷ್ಟ್ರು. ತಂಗಿ ನಗ್ಮಾಳ ಮದುವೆಗೆ ಜವಳಿ ತರಲು ಹೈದರಾಬಾದಿಗೆ ಹೊರಟವನು, ತಪ್ಪಿಸಿಕೊಂಡರೆ ಖಾಲೂ, ಅಂದರೆ ಚಿಕ್ಕಪ್ಪ, ಸಿಟ್ಟಾದಾನು ಎಂದು ಅಂಗಡಿಗೆ ಬಂದ.

“ಮೊದಲ ನೀ ಹೇಳು. ಹಿಂದಿನ ಸಲ ಎಲ್ಲಿ ಉಂಡಿ?” ಎಂದು ಮುಕ್ತಿಯಾರ್ ಕೇಳಿದ.

“ಬಸ್‌ಸ್ಟ್ಯಾಂಡ್ ಎದುರಿಗಿ ಒಂದು ಹೋಟ್ಲ್ ಐತಲ್ಲ ಖಾಲೂ. ಫೋನಿನ್ಯಾಗ ನಾಲ್ಕೂವರಿ ಸ್ಟಾರ್ ಇದ್ವು.”

“ಚುಕ್ಕಿ ಆಕಾಶದಾಗ ಇರಲಿ. ತಾಟಿನ್ಯಾಗ ಏನಿತ್ತು?”

“ಬಿರ್ಯಾನಿ.”

“ಎಂಥಾದ್ದು?”

“ಚಿಕನ್.”

ಮುಕ್ತಿಯಾರ್ ಯಾರೋ ತೀರಿಕೊಂಡ ಸುದ್ದಿ ಕೇಳಿದವನ ಹಾಗೆ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟು, “ಇಷ್ಟು ಓದಿದಿ. ಹುಡುಗರಿಗೆ ಪಾಠ ಬ್ಯಾರೆ ಹೇಳ್ತಿ,” ಎಂದ. “ಕೇಳಿಲ್ಲಿ. ರಾಣಿಗಂಜಿನ ಮಷಿನರಿ ಬಜಾರದ ಹಿಂದ ಒಂದು ಸಂದಿ ಐತಿ. ಅಲ್ಲಿ ಚಾಂದ್‌ಬೀ ಮೆಸ್. ಬೋರ್ಡ್ ಹುಡುಕಬ್ಯಾಡ, ಇಲ್ಲ. ಊಟ ಚಲೋ ಇದ್ದಲ್ಲಿ ಬೋರ್ಡ್ ಯಾಕ ಬೇಕು? ಬಗಾರಾ ಅನ್ನ, ಹುಣಸಿ ಹಿಂಡಿದ ಖಟ್ಟಿ ದಾಲ್, ಹುರಿದ ಕುರಿ ಗೋಷ್ತ್. ಬಿರ್ಯಾನಿ ಅಂತ ಬಾಯಿ ತೆಗೆದ್ಯೋ, ಆಕಿ ಸೌಟು ತಗೊಂಡು ಹೊರಗ ಹಾಕ್ತಾಳ. ಗೋಡಿ ಕಡೆ ಕೂಡು. ದಾಲ್ ಮೊದಲ ಬರೇ ಕುಡಿ, ಆಮ್ಯಾಲೆ ಅನ್ನಕ್ಕ ಹಾಕ್ಕೋ. ಸಿಂಧನೂರು ಮುಕ್ತಿಯಾರ್ ಕಳಿಸ್ಯಾನ ಅಂತ ಹೇಳು.”

ಜಾವೀದ್ ತಲೆಯಾಡಿಸಿ ಹೋದ. ವಾಪಸ್ಸು ಬಂದ ಮೇಲೆ ಮಿಠಾಯಿ ಡಬ್ಬಿ ಕೊಡಲು ಮನೆಗೆ ಬಂದವನು ತಾನಾಗಿಯೇ, “ಏನು ದಾಲ್ ಖಾಲೂ ಅದು!” ಎಂದ. ಮುಕ್ತಿಯಾರ್ ಸೋಫಾದ ಮೇಲೆ ಹಿಂದಕ್ಕೆ ಒರಗಿದ. ಇಂಥ ದಡ್ಡನ ನಾಲಿಗೆಗೂ ತಿಳಿಯಿತಲ್ಲ ಎಂದು ಅವನಿಗೆ ಚಾಂದ್‌ಬೀ ಮೇಲಿನ ಅಭಿಮಾನ ಇನ್ನಷ್ಟು ಹೆಚ್ಚಿತು.

ಒಂದು ಮಾತು ಇಲ್ಲಿ ಹೇಳಬೇಕು. ಮುಕ್ತಿಯಾರ್ ತಾನು ಹೈದರಾಬಾದಿಗೆ ಹೋಗಿ ವರ್ಷಗಳೇ ಆಗಿದ್ದವು. ಪ್ರಾಯದಿಂದಲೂ ತಿಂಗಳಿಗೆ ಎರಡು ಸಲ ಹೋಗಿ ಸಾಮಾನು ಆರಿಸಿ ತರುತ್ತಿದ್ದ. ಕೊರೊನಾ ಬಂದು ದಾರಿ ಮುಚ್ಚಿದಾಗ ಫೋನಿನಲ್ಲಿ ಹೇಳಿ ಲಾರಿಗೆ ಹಾಕಿಸಿಕೊಳ್ಳುವುದು ರೂಢಿಯಾಯಿತು. ದಾರಿ ತೆರೆದ ಮೇಲೂ ಮೊಣಕಾಲಿಗೆ ಅದೇ ಸುಖವೆನ್ನಿಸಿತು. ಹಾಗಂತ ಹೈದರಾಬಾದಿನ ಮೇಲಿನ ಅವನ ಅಧಿಕಾರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಹೋದ ವರ್ಷ ಹುಸ್ನಾಳ ಕಣ್ಣಿಗೆ ಪೊರೆ ಬಂತು. ಅಲ್ಲಿನ ಆಸ್ಪತ್ರೆಗೇ ತೋರಿಸೋಣ ಎಂದು ಗಂಡಹೆಂಡತಿ ಹೊರಟರು. ಡಾಕ್ಟರು ನೋಡಿ, ಅವಸರವಿಲ್ಲ, ಚಳಿಗಾಲಕ್ಕೆ ಬನ್ನಿ ಎಂದು ಕಳಿಸಿಬಿಟ್ಟರು. ಮಧ್ಯಾಹ್ನ ಪೂರ್ತಿ ಕೈಯಲ್ಲಿ ಉಳಿಯಿತು.

“ನಡಿ. ಇವತ್ತು ನಿನಗ ದಾಲ್ ಅಂದ್ರ ಏನು ತೋರಿಸ್ತೀನಿ,” ಎಂದ ಮುಕ್ತಿಯಾರ್.

ಮದುವೆಯಾದ ಹೊಸದರಿಂದ ಹುಸ್ನಾ ಮಾಡಿದ ದಾಲನ್ನು ಅವನು ಚಾಂದ್‌ಬೀಯ ದಾಲಿನ ಪಕ್ಕಕ್ಕೆ ಇಟ್ಟು ತೂಗುತ್ತಲೇ ಬಂದಿದ್ದ. ತಕ್ಕಡಿ ಒಂದು ದಿನವೂ ಅವಳ ಕಡೆ ವಾಲಿರಲಿಲ್ಲ. ನೋಡಿಯೇಬಿಡೋಣ ಎಂದು ಅವಳೂ ಬುರ್ಖಾ ಸರಿಮಾಡಿಕೊಂಡು ಆಟೋ ಹತ್ತಿದಳು.

ಸಂದಿ ಸಿಕ್ಕಿತು. ಮೆಸ್ ಸಿಗಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಇನ್ವರ್ಟರ್ ಬ್ಯಾಟರಿಗಳ ಅಂಗಡಿ ಇತ್ತು. ಮುಕ್ತಿಯಾರ್ ಹಿಂದೆ ಹೋದ, ಮುಂದೆ ಬಂದ, ಸಂದಿಯೇ ತಪ್ಪಿರಬೇಕು ಎಂದು ಆಟೋದವನಿಗೆ ಬೈದ. ಕೊನೆಗೆ ಬ್ಯಾಟರಿ ಅಂಗಡಿಯವನೇ ಹೊರಗೆ ಬಂದು, “ಚಾಂದ್‌ಬೀ ಮೆಸ್ ಏನ್ ಸಾಬ್?” ಎಂದು ದಖನಿ ಉರ್ದುವಿನಲ್ಲಿ ಕೇಳಿದ.

“ಹೌದು! ಎಲ್ಲಿಗೆ ಶಿಫ್ಟ್ ಆತು?”

“ಲಾಕ್‌ಡೌನಿನಾಗೇ ಬಂದಾಯ್ತು ಸಾಬ್. ನೀವು ಸಿಂಧನೂರಿನವರಲ್ಲ?”

ಮುಕ್ತಿಯಾರ್‌ನ ಎದೆ ಒಂದು ಕ್ಷಣ ಉಬ್ಬಿತು. “ನನ್ನ ಗುರುತು ಐತೇನು?”

“ಇಲ್ಲ ಸಾಬ್. ಸಿಂಧನೂರು, ಮಸ್ಕಿ, ಲಿಂಗಸುಗೂರು, ಅದೇ ಕಡೆಯವರು ಮಾತ್ರ ಬಂದು ಕೇಳ್ತಾರೆ. ನಾನು ಬಂದಾಗಿದೆ ಅಂತೀನಿ. ಅವರು ನಕ್ಕು, ಆ ಎದುರಿನ ಬಿರ್ಯಾನಿ ಹೋಟೆಲಿಗೆ ಹೋಗ್ತಾರೆ.”

ಎದುರಿಗೆ ಗಾಜಿನ ಬಾಗಿಲಿನ ಹೋಟೆಲು, ಹಗಲಿನಲ್ಲೇ ಬಣ್ಣಬಣ್ಣದ ದೀಪ. ಮುಕ್ತಿಯಾರ್ ಅದನ್ನೇ ನೋಡುತ್ತ ನಿಂತ. ಜಾವೀದ್ ಬಂದು ಹೊಗಳಿದ್ದ ದಾಲು ಕಣ್ಣ ಮುಂದೆ ಬಂತು. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು: ‘ಏನು ಊಟ ಹಾಕ್ಸಿದ್ರಿ ಭಾಯಿ’ ಎಂದು ಕೈಹಿಡಿದು ಕುಲುಕಿದ ಅಡತಿ ಅಂಗಡಿಯವರು, ಮಿಲ್ಲಿನ ಮ್ಯಾನೇಜರು, ಬೀಗರ ಕಡೆಯ ಮುದುಕ.

ಹುಸ್ನಾ ಅಷ್ಟರಲ್ಲಿ ಬ್ಯಾಟರಿಯವನನ್ನು ಕೇಳುತ್ತಿದ್ದಳು: “ಆಕಿ ಎಲ್ಲಿ ಹೋದ್ಲಪ್ಪ? ಜೀವಂತ ಅದಾಳೋ ಇಲ್ಲೋ?”

ಇದ್ದಾಳೆ, ತಾಂಡೂರಿನಲ್ಲಿ ಮಗಳ ಮನೆಯಲ್ಲಿ, ಎಂದ ಅವನು. ಅಂಗಡಿ ಬಾಡಿಗೆಗೆ ಹಿಡಿದಾಗ ಅವಳ ಜೊತೆ ಮಾತಾಡಿದ್ದ ನಂಬರು ಫೋನಿನಲ್ಲಿ ಇತ್ತು. ಹುಸ್ನಾ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಳು.

ಹಸಿವು ತಡೆಯಲಾರದೆ ಇಬ್ಬರೂ ಆ ಗಾಜಿನ ಹೋಟೆಲಿಗೇ ಹೋದರು. ಬಿರ್ಯಾನಿ ಬಂತು. ಮುಕ್ತಿಯಾರ್ ಹೇಳುತ್ತಿದ್ದದ್ದು ನಿಜವೇ ಇತ್ತು: ಅನ್ನಕ್ಕೆ ಬಣ್ಣ ಒಂದು ಕಡೆ, ಉಪ್ಪು ಒಂದು ಕಡೆ. ಕೋಳಿಯ ತುಂಡಿಗೆ ಅನ್ನದ ಪರಿಚಯವೇ ಇದ್ದಂತಿರಲಿಲ್ಲ. ‘ಕುದುರೆಗೆ ಹಾಕಿದರೆ ಕುದುರೆ ಒದೆಯುತ್ತದೆ’ ಎಂದುಕೊಳ್ಳುತ್ತ ಅವನು ಒಂದಿಷ್ಟು ಸಮಾಧಾನ ಪಟ್ಟ. ಹುಸ್ನಾ ಮಾತ್ರ ಬೆರಳು ನೆಕ್ಕಿ, “ಬುರಾ ನಹೀಂ, ಕೆಟ್ಟಿಲ್ಲ ಬಿಡ್ರಿ,” ಎಂದಳು. ಅವನು ತಾಟು ಸರಿಸಿದ.

“ಆ ಸೂಳೆಮಕ್ಕಳು ನನಗ ಸುಳ್ಳು ಹೇಳ್ಯಾರ,” ಎಂದ.

ಹುಸ್ನಾ ನೀರು ಕುಡಿದು ಲೋಟ ಕೆಳಗಿಟ್ಟಳು. “ಅಷ್ಟು ವರ್ಷ ಆಕಿ ಕೈ ಅನ್ನ ಉಂಡ್ರಿ. ಆಕಿ ಸತ್ತಾಳೋ ಬದುಕ್ಯಾಳೋ ಕೇಳಲಿಲ್ಲ. ನಿಮ್ಮ ಚಿಂತಿ ನಿಮಗ ಯಾರು ಸುಳ್ಳು ಹೇಳಿದ್ರು ಅನ್ನೋದು. ಛೀ!”

ಊರಿಗೆ ಬಂದ ಮೇಲೆ ಮುಕ್ತಿಯಾರ್ ಮಾಡಿದ ಮೊದಲ ಕೆಲಸ ಜಾವೀದನನ್ನು ಕರೆಸಿದ್ದು. ಚಹಾ ತರಿಸಿದ. ನಗುನಗುತ್ತ ಕೇಳಿದ:

“ಮೊನ್ನೆ ಯಾಕೋ ಚಾಂದ್‌ಬೀ ನೆನಪಾದ್ಲು. ಹೆಂಗಿತ್ತು ಅಂದಿ ದಾಲ್?”

“ಅಗದೀ ಜಬರ್ದಸ್ತ್ ಖಾಲೂ.”

“ಹುಳಿ?”

“ಹುಳಿ ಸರಿಯಾಗಿ ಇತ್ತು. ನೀವು ಹೇಳಿದಂಗ ಮೊದಲ ಬರೇ ಕುಡಿದೆ.”

“ಆಕಿ ನನ್ನ ಕೇಳಿದ್ಲೇನು?”

ಜಾವೀದ್ ಚಹಾ ಊದಿಕೊಳ್ಳುತ್ತ, “ಕೇಳಿದ್ಲು. ಸಲಾಂ ಹೇಳ್ರಿ ಅಂದ್ಲು. ಭಾಳ ದಿನಾ ಆತು, ಬರ್ಲಿಲ್ಲ ಅಂತ…”

ಮುಕ್ತಿಯಾರ್‌ನ ನಗು ಹಾಗೆಯೇ ಇತ್ತು. ಇವನು ಹೇಳುವ ಸುಳ್ಳಿಗೂ ಉಪ್ಪಿಲ್ಲ, ಖಾರವಿಲ್ಲ ಎಂದು ಅವನಿಗೆ ಹೇಸಿಗೆಯಾಯಿತು. “ಬ್ಯಾಟರಿ ಕುಡಿದು ಬಂದ್ಯೇನಲೇ?” ಎಂದ.

ಜಾವೀದ್ ಕಪ್ಪು ಕೆಳಗಿಟ್ಟ. ಮುಖ ಕೆಂಪಾಯಿತು. ಆದರೆ ತಲೆ ತಗ್ಗಿಸುತ್ತಾನೆ ಎಂದು ಮುಕ್ತಿಯಾರ್ ಅಂದುಕೊಂಡಿದ್ದರೆ, ಅವನು ತಗ್ಗಿಸಲಿಲ್ಲ.

“ಹೋಗಿದ್ರೇನು? ಚಲೋ ಆತು. ಹೌದ್ರಿ, ಸುಳ್ಳು ಹೇಳೀನಿ. ಬಂದಾಗೈತಿ ಅಂದಿದ್ರ ನೀವು ಏನಂತಿದ್ರಿ? ಹುಡುಕಾಕ ಬರಂಗಿಲ್ಲ, ಕುರುಡ ಅದೀ, ಮಸ್ಕಿ ಮಂದಿ ಹಿಂಗಾ ಅಂತಿದ್ರಿ. ಬೈಸ್ಕೋಳೋದಕಿಂತ ದಾಲ್ ಚಲೋ ಇತ್ತು ಅನ್ನೋದು ಹಗೂರ.”

“ಎಲ್ಲಾರೂ ಹಿಂಗಾ ಮಾಡ್ಯಾರೇನು?”

“ಎಲ್ಲಾರಿಗೂ ಗೊತ್ತೈತಿ ಖಾಲೂ. ಊರಾಗ ಅದು ಮಾತಾಗೈತಿ. ಕಾಲುವಿ ನೀರು ನಾಳೆ ಬಿಡ್ತೀವಿ ಅಂತ ಸಾಹೇಬ್ರು ಹೇಳಿದ್ರ, ‘ಚಾಂದ್‌ಬೀ ಊಟ’ ಅಂತೀವಿ. ಪಂಪಾಪತಿ ಸಾವ್ಕಾರ್ರು ಹಚ್ಚಿದ್ದು. ಇವತ್ತು ಮಸ್ಕಿ ಸಂತ್ಯಾಗೂ ಅಂತಾರ, ಲಿಂಗಸುಗೂರು ಕಚೇರ್ಯಾಗೂ ಅಂತಾರ. ನಿಮ್ಮ ಹೆಸರು ಅದರಾಗ ಇಲ್ಲ. ಅಷ್ಟು ಮರ್ಯಾದಿ ಕೊಟ್ಟೀವಿ.”

ಜಾವೀದ್ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಮುಕ್ತಿಯಾರ್ ಕಪ್ಪಿನಲ್ಲಿ ಉಳಿದ ಚಹಾ ನೋಡುತ್ತ ಕೂತ. ತಾನು ನಾಲಿಗೆಯಿಲ್ಲದವರು ಎಂದು ಜರೆದ ಮಂದಿ, ಇಷ್ಟು ದಿನ ಆ ನಾಲಿಗೆಯನ್ನು ತನ್ನ ಬೆನ್ನ ಹಿಂದೆ ಹೀಗೆ ಆಡಿಸುತ್ತಿದ್ದರು. ಆ ಮಾತು ಚೆನ್ನಾಗಿದೆ ಎಂಬುದು ಅವನನ್ನು ಹೆಚ್ಚು ಸುಟ್ಟಿತು. ಪಂಪಾಪತಿಯಂಥ ಸಪ್ಪೆ ಮನುಷ್ಯನಿಗೆ ಇದು ಹೊಳೆಯಿತೇ?

ಆ ಮೇಲೆ ಯಾರಾದರೂ ಹೈದರಾಬಾದಿನ ಮಾತು ತೆಗೆದರೆ, “ಫೋನಿನ್ಯಾಗ ನೋಡ್ಕೋರಿ,” ಎಂದು ಬೇರಿಂಗು ಒರೆಸುತ್ತ ಕೂಡತೊಡಗಿದ. ಕೇಳುವವರಿಗೆ ಇದರಿಂದ ಬೇಸರವೇನೂ ಆದಂತೆ ಕಾಣಲಿಲ್ಲ. ಕೆಲವರ ಮುಖದಲ್ಲಿ ಬಿಡುಗಡೆಯೇ ಕಂಡಿತು. ಅದನ್ನು ನೋಡಿ ಅವನು ಅವರನ್ನು ಇನ್ನಷ್ಟು ಕೀಳಾಗಿ ಕಂಡ.

ಹೀಗಿರುವಾಗ ಒಂದು ಶುಕ್ರವಾರ ನಮಾಜು ಮುಗಿಸಿ ಊಟಕ್ಕೆ ಬಂದರೆ, ಹುಸ್ನಾ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅವಳು ಯಾರಿಗೇ ಫೋನು ಹಚ್ಚಿದರೂ ಸ್ಪೀಕರ್ ಹಾಕಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ಕಡೆಯ ದನಿಯನ್ನು ಮುಕ್ತಿಯಾರ್ ಬಾಗಿಲಲ್ಲೇ ಗುರುತಿಸಿದ. ವಯಸ್ಸಾಗಿತ್ತು, ಆದರೆ ಮೆಸ್ಸಿಗೆ ಬರುವ ಹಮಾಲರಿಗೆ ಗದರುತ್ತಿದ್ದ ಅದೇ ದನಿ.

“ಯಾವ ಮುಕ್ತಿಯಾರ್ ಬೇಟಿ? ನೂರು ಮಂದಿ ಬರ್ತಿದ್ರು,” ಎನ್ನುತ್ತಿದ್ದಳು ಚಾಂದ್‌ಬೀ ದಖನಿಯಲ್ಲಿ.

“ಸಿಂಧನೂರಿನವರು. ಮಿಲ್ಲಿನ ಸಾಮಾನಿಗೆ ಬರ್ತಿದ್ರು. ಎತ್ತರ, ಮೆಹಂದಿ ಹಚ್ಚಿದ ಗಡ್ಡ.”

“ಓ, ಅವನಾ!” ಎಂದು ಚಾಂದ್‌ಬೀ ಕೆಮ್ಮಿ ಕೆಮ್ಮಿ ನಕ್ಕಳು. “ಮಂದೀನ್ನ ಕರ್ಕೊಂಡು ಬಂದು, ಉಣ್ಣೋದು ಹೆಂಗ ಅಂತ ಭಾಷಣ ಮಾಡ್ತಿದ್ದನಲ್ಲ? ಉಂಡ ಮೇಲೂ ಏಳವಲ್ಲ. ಪಾಪ ಹಮಾಲರು ಹೊರಗ ಹಸ್ಕೊಂಡು ನಿಂತಿರ್ತಿದ್ರು. ಹುಣಸಿ ಹೆಚ್ಚಾಗೈತಿ ಅಂತ ಬಂದಾಗೆಲ್ಲ ಅಂತಿದ್ದ, ಅಂದು ಮತ್ತ ಮತ್ತ ಹಾಕಿಸ್ಕೋತಿದ್ದ. ಅಂಥಾವನ ಜೋಡಿ ಹೆಂಗ ಬಾಳ್ವಿ ಮಾಡ್ತಿ ನನ್ನವ್ವ?”

ಹುಸ್ನಾ ಗಂಡನನ್ನು ನೋಡಿದಳು. ಸ್ಪೀಕರ್ ಆರಿಸಲಿಲ್ಲ.

“ಹುಣಸಿ ಹೆಚ್ಚೇ ಇರ್ತಿತ್ತು,” ಎಂದ ಮುಕ್ತಿಯಾರ್ ಗಟ್ಟಿಯಾಗಿ, ಫೋನಿಗೆ ಕೇಳುವ ಹಾಗೆ.

“ಯಾರದು?” ಎಂದಳು ಚಾಂದ್‌ಬೀ.

“ಯಾರೂ ಇಲ್ಲ,” ಎಂದಳು ಹುಸ್ನಾ. ಎದ್ದು ಫೋನು ಎತ್ತಿಕೊಂಡು ಅಡಿಗೆಮನೆಯ ಒಳಗೆ ಹೋದಳು. ಬರುವ ವಾರ ಅಕ್ಕ ನಾಹಿದಾಳನ್ನು ಜೊತೆಗೆ ಕರೆದುಕೊಂಡು ತಾಂಡೂರಿಗೆ ಬರುತ್ತೇನೆ, ಎರಡು ದಿನ ಇರುತ್ತೇನೆ, ನಮ್ಮ ಕಡೆಯ ಸೋನಾ ಮಸೂರಿ ತರುತ್ತೇನೆ ಎಂದು ಅವಳು ಹೇಳುತ್ತಿದ್ದದ್ದು ಅವನಿಗೆ ಕೇಳಿಸಿತು. ಆಮೇಲೆ ಇಬ್ಬರೂ ಹೆಂಗಸರು ಇನ್ನಾವುದಕ್ಕೋ ನಕ್ಕರು. ಮುಕ್ತಿಯಾರ್ ಕೈತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂತ. ಒಳಗಿನ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. “ಊಟ?” ಎಂದು ಒಮ್ಮೆ ಕೂಗಿದ. ಹುಸ್ನಾ ಮಾತು ನಿಲ್ಲಿಸದೆ, ಕಾಲಿನಿಂದ ಬಾಗಿಲು ಮುಂದೆ ಮಾಡಿಕೊಂಡಳು.