ಟೈಲರಮ್ಮನ ಹನ್ನೊಂದು ಇಂಚು

ಟೈಲರಮ್ಮ ಮಾತಾಡುವಾಗಲೂ ಅವರ ತುಟಿಗಳ ನಡುವೆ ಎರಡು ಗುಂಡುಪಿನ್ನು ಇರುತ್ತಿದ್ದವು. ಕೊರಳಲ್ಲಿ ಹಳದಿ ಟೇಪು, ಬಲಗೈ ಹೆಬ್ಬೆರಳಿನಲ್ಲಿ ಕತ್ತರಿ ಹಿಡಿದು ಜಡ್ಡುಗಟ್ಟಿದ ಗೆರೆ. ಹಾಸನದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಮುಂದೆ ಹೊಲಿಗೆ ಯಂತ್ರ, ಪರದೆಯ ಹಿಂದೆ ಆರು ಕಂಪ್ಯೂಟರ್. ಬೆಳಗ್ಗೆ ಜನ ರಿಸಲ್ಟ್ ನೋಡಲು ಬರುತ್ತಿದ್ದರು. ಕಾಲೇಜು ಬಿಟ್ಟ ಮೇಲೆ ನಾವು, ಒಬ್ಬರನ್ನೊಬ್ಬರು ಗುಂಡಿಕ್ಕಿ ಬೀಳಿಸುವ ಆಟಕ್ಕೆ. ಎರಡು ಸಾವಿರದ ನಾಲ್ಕೈದನೆಯ ಇಸವಿಯ ಮಾತು. "ಇವತ್ತೆಷ್ಟ್ ಜನ ಸತ್ರಪ್ಪಾ?" ಎಂದು ಕೇಳುತ್ತಾ ಅವರು ಕಾಜಾ ಹೊಲಿಯುತ್ತಿದ್ದರು.

ಅವರು ಒಂದು ದಿನವೂ ಆ ಆಟ ಆಡಿದವರಲ್ಲ. ಆದರೂ ಮೌಸನ್ನು ಎಷ್ಟು ವೇಗಕ್ಕೆ ಇಟ್ಟುಕೊಳ್ಳಬೇಕೆಂದು ನನಗೆ ಕಲಿಸಿದವರು ಅವರೇ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ನಗುವವರು ನಗಲಿ.

ನಾನಾಗ ಬಿ.ಕಾಂ. ಕೊನೆಯ ವರ್ಷ, ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮದು ಐದು ಜನರ ತಂಡ, ಸೋಲಿಗೆ ಕಾರಣ ಯಾವಾಗಲೂ ನಾನು. ಎದುರಾಳಿ ಕಂಡ ಕೂಡಲೇ ನನ್ನ ಗುರಿ ಅವನನ್ನು ದಾಟಿ ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಮೌಸು ಇಷ್ಟು ಸರಿದರೆ ಆಟದೊಳಗೆ ಮುಖ ಎಷ್ಟು ತಿರುಗಬೇಕೆಂದು ಒಂದು ಅಂಕಿ ಹಾಕಬೇಕಿತ್ತು; ಅಂಕಿ ಹೆಚ್ಚಿದಷ್ಟೂ ವೇಗ ಹೆಚ್ಚು. ನಮ್ಮ ಕ್ಯಾಪ್ಟನ್ ಬಲು ಚುರುಕು ಎಂದು ಅವನ ಅಂಕಿಯನ್ನೇ ನಾನೂ ಹಾಕಿಕೊಂಡಿದ್ದೆ. ಚನ್ನರಾಯಪಟ್ಟಣದವರ ಜೊತೆ ಮ್ಯಾಚು ಗೊತ್ತಾದ ದಿನ ಅವನು ನೇರವಾಗಿ ಹೇಳಿದ: "ಇನ್ನ ಅದಿನೈದು ದಿನ ನೋಡ್ತೀನಿ ಕಣ್ಲಾ. ಆಗ್ನಿಲ್ಲ ಅಂದ್ರೆ ಬ್ಯಾರೆಯೋನ್ನ ಸೇರುಸ್ಕತೀನಿ." ಆ ನಾಲ್ವರನ್ನು ಬಿಟ್ಟರೆ ನನಗೆ ಹಾಸನದಲ್ಲಿ ಗೆಳೆಯರೇ ಇರಲಿಲ್ಲ.

ಮಾರನೆಯ ದಿನ ಟೈಲರಮ್ಮ ನನ್ನ ಬೆನ್ನ ಹಿಂದೆ ಬಂದು ನಿಂತು ಅಂಕಿ ಕೇಳಿದರು. ಕ್ಯಾಪ್ಟನ್‌ದೇ ಎಂದೆ. ಪಿನ್ನುಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರು. ಬೈಗುಳ ಬರುತ್ತದೆ ಎಂದೇ ಅದರ ಅರ್ಥ.

"ಅವನ ಅಂಗಿ ನಿಂಗಾದದಾ? ಅವನು ಮಣಿಕಟ್ಟಲ್ಲಿ ಆಡ್ತಾನೆ, ನೀನು ಮೊಣಕೈಯಲ್ಲಿ ಆಡ್ತೀಯ. ವರ್ಸದಿಂದ ನೋಡ್ತಾ ಇವ್ನಿ."

ಆಟದೊಳಗೆ ಒಂದು ಬಾಗಿಲಿಗೆ ಮುಖ ಮಾಡಿ ನಿಲ್ಲಲು ಹೇಳಿದರು. ಮೌಸನ್ನು ಬಲಕ್ಕೆ ಎಳೆಯುತ್ತಾ ಒಂದು ಸುತ್ತು ತಿರುಗಿ ಮತ್ತೆ ಅದೇ ಬಾಗಿಲಿಗೆ ಬರಬೇಕು. ಮೇಜಿನ ಮೇಲೆ ಟೇಪಿಟ್ಟು ಅಳೆದರು: ನಾಲ್ಕೇ ಇಂಚು. "ಇಷ್ಟು ಬಿಗಿ ಬ್ಲೌಸ್ ಆಕ್ಕಂಡ್ರೆ ಉಸ್ರಾಡಕ್ಕಾದದಾ?" ಎಂದರು. ಅಂಕಿ ಇಳಿಸಿ ಇಳಿಸಿ, ನನ್ನ ಮೊಣಕೈ ಹಾಯಾಗಿ ಆಡುವಷ್ಟು ಜಾಗ ನೋಡಿ, ಹನ್ನೊಂದು ಇಂಚಿಗೆ ನಿಲ್ಲಿಸಿದರು. ಅಳತೆ ಪುಸ್ತಕದಲ್ಲಿ ಯಾರದೋ ಕತ್ತು, ತೋಳಿನ ಅಳತೆಯ ಕೆಳಗೆ ನನ್ನದನ್ನೂ ಬರೆದುಕೊಂಡರು.

ಮೊದಲ ಮೂರು ದಿನ ಇನ್ನೂ ಕೆಟ್ಟದಾಗಿ ಆಡಿದೆ. ಸ್ವಲ್ಪ ಬದಲಿಸಲೇ ಎಂದರೆ ಗದರಿದರು. "ದಿನಕ್ಕೊಂದು ಅಳತೆ ಇಟ್ರೆ ಕೈ ಯಾವ್ದನ್ನ ಕಲ್ತುಕತದೆ? ಸುಮ್ಕೆ ಆಡು." ಆಡಿದೆ. ಎರಡನೆಯ ವಾರಕ್ಕೆ ಗುರಿ ಗೋಡೆಗೆ ಹೋಗುವುದು ನಿಂತಿತು. ಕ್ಯಾಪ್ಟನ್ ನನ್ನನ್ನು ತೆಗೆಯಲಿಲ್ಲ.

ಮ್ಯಾಚಿನ ಬೆಳಗ್ಗೆ ಭಯ ಹತ್ತಿ ಅಂಗಡಿಗೆ ಓಡಿದೆ. ಮ್ಯಾಚು ಚನ್ನರಾಯಪಟ್ಟಣದಲ್ಲಿ, ಅಲ್ಲಿನ ಮೌಸೇ ಬೇರೆ. ನಮ್ಮ ಅಂಕಿ ಅಲ್ಲಿ ನಡೆಯದೆ ಹೋದರೆ? "ಅಂಕಿ ಬುಡು. ಇಂಚು ಎಲ್ಲೋದ್ರೂ ಇಂಚೇ," ಎಂದವರು ಕೊರಳಿನ ಟೇಪು ಎಳೆದು ಹನ್ನೊಂದರ ಗೆರೆಗೆ ಕತ್ತರಿ ಹಾಕಿಯೇ ಬಿಟ್ಟರು. ತಗಡಿನ ತುದಿಯಿದ್ದ ತುಂಡು ನನ್ನ ಕೈಗೆ ಬಂತು. ಶಾಲೆಯ ಮಕ್ಕಳ ಅಡಿಪಟ್ಟಿ ಒಂದಿದ್ದರೆ ಸಾಕಿತ್ತೆಂದು ನನಗೆ ಹೊಳೆದದ್ದು ಬಸ್ಸು ಶಾಂತಿಗ್ರಾಮ ದಾಟಿದ ಮೇಲೆ.

ಚನ್ನರಾಯಪಟ್ಟಣದಲ್ಲಿ ಮೇಜಿನ ಮೇಲೆ ಟೇಪು ಹಾಸಿದಾಗ ಆ ಕಡೆಯವನೊಬ್ಬ, "ಏನ್ಲಾ, ಬ್ಲೌಸ್ ಒಲಿಯಕ್ ಬಂದಿದ್ದೀಯಾ?" ಎಂದ. ಎಲ್ಲರೂ ನಕ್ಕರು. ಒಂದು ಸುತ್ತಿಗೆ ಹನ್ನೊಂದು ಇಂಚು ಬರುವ ತನಕ ನಾನು ಅಂಕಿ ತಿದ್ದಿದೆ. ನಮ್ಮ ಕ್ಯಾಪ್ಟನ್ ಆ ಹೊಸ ಮೌಸಿಗೂ ಹಳೆಯ ಅಂಕಿಯನ್ನೇ ಹಾಕಿ ಬುಗುರಿಯಂತೆ ಸುತ್ತಿ ಸುತ್ತಿ ಸತ್ತ. ಮೂರನೆಯ ರೌಂಡಿಗೆ "ಕೊಡ್ಲಾ ಅದನ್ನ" ಎಂದು ಕೈ ಚಾಚಿದ. "ನಿಂದು ನಾಲ್ಕಿಂಚು," ಎಂದು ಕೊಟ್ಟೆ.

ಕೊನೆಯ ರೌಂಡಿನಲ್ಲಿ ನಮ್ಮವರಲ್ಲಿ ಉಳಿದವನು ನಾನೊಬ್ಬ, ಎದುರಿಗೆ ಇಬ್ಬರು. ಮುಂದೆ ಬಂದವನನ್ನು ಕೆಡವಿದೆ. ಹಿಂದೆ ಹೆಜ್ಜೆ ಸದ್ದು ಕೇಳಿತು. ಅರ್ಧ ಸುತ್ತು, ಐದೂವರೆ ಇಂಚು. ಕೈ ತಾನೇ ಹೋಗಿ ನಿಂತಿತು. ಗೆದ್ದೆವು.

ತುಂಡು ಹಿಂದಿರುಗಿಸಲು ಹೋದರೆ ಟೈಲರಮ್ಮ ತೆಗೆದುಕೊಳ್ಳಲಿಲ್ಲ. "ಬಟ್ಟೆಯಾದ್ರೆ ಒಲೀಬೋದು, ಟೇಪನ್ನ ಒಲ್ಯಕ್ಕಾದದಾ? ಮಡಿಕ್ಕೋ." ಹೊಸ ಟೇಪು ತಂದುಕೊಡುತ್ತೇನೆ ಎಂದೆ. ಆ ತುಂಡು ಜೇಬಿನಲ್ಲಿಟ್ಟುಕೊಂಡು ಜಿಲ್ಲೆಯಲ್ಲೆಲ್ಲ ಆಡಿದೆ, ಎಲ್ಲಿ ಕೂತರೂ ಮೊದಲು ಹನ್ನೊಂದು ಇಂಚು ಅಳೆದುಕೊಂಡೆ. ಆಮೇಲೆ ಪರೀಕ್ಷೆ, ಹೊಳೆನರಸೀಪುರದಲ್ಲಿ ಕೆಲಸ. ಹೊಸ ಟೇಪಿನ ಮಾತು ಮರೆತೇಹೋಯಿತು.

ಮೂರು ವರ್ಷದ ಮೇಲೆ ಟೈಲರಮ್ಮ ತೀರಿಕೊಂಡರೆಂದು ಕೇಳಿ ಹೋದೆ. ಯಂತ್ರದ ಮೇಲೆ ಅವರ ಹಳದಿ ಟೇಪು ಇತ್ತು. ಅದು ಹನ್ನೊಂದರಿಂದ ಶುರುವಾಗುತ್ತಿತ್ತು. ಹೊಸದು ತರಿಸಿಕೊಳ್ಳಲೇ ಇಲ್ಲವೇ ಎಂದು ಅವರ ಮಗಳನ್ನು ಕೇಳಿದೆ.

"ಎಷ್ಟು ಏಳಿದ್ರೂ ಕೇಳ್ನಿಲ್ಲ ಕಣಣ್ಣ. ಯಾರ ಅಳತೆ ತಗಂಡ್ರೂ ಅನ್ನೊಂದು ಕಳೆದು ಬರ್ಕಳೋರು. 'ನಮ್ಮುಡುಗ ತತ್ತೀನಿ ಅಂದವ್ನೆ, ತತ್ತಾನೆ' ಅನ್ನೋರು."

ಆವತ್ತೂ ನಾನು ಬರಿಗೈಯಲ್ಲೇ ಹೋಗಿದ್ದೆ.